ಬೊಟ್ಟಿನ ಹಿಂದಿನ ಹುಡುಗ

ಚೆಂಡನ್ನು ನೋಡಬೇಡಿ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾನು ಹೇಳುವ ಮೊದಲ ಮಾತು ಇದು. ಚೆಂಡನ್ನು ನೋಡುವುದಕ್ಕೆ ಮೈದಾನದ ಸುತ್ತ ಬೇಕಾದಷ್ಟು ಜನ ಇದ್ದಾರೆ, ಟಿವಿಯವರಿದ್ದಾರೆ, ಸೋಫಾದ ಮೇಲೆ ಕಾಲು ಚಾಚಿ ತೀರ್ಪು ಕೊಡುವ ಗಂಡಂದಿರಿದ್ದಾರೆ. ನಿಮಗೆ ಸಂಬಳ ಕೊಡುವುದು ಚೆಂಡು ಇಲ್ಲದ ಕಡೆ ಏನಾಗುತ್ತಿದೆ ಎಂದು ನೋಡುವುದಕ್ಕೆ. ಈ ಮಾತನ್ನು ಬಿಡದೆ ಹೇಳಿದ್ದಕ್ಕೇ ನನ್ನ ಕೆಲಸ ಹೋಯಿತು. ಹೋದರೂ ಮಾತು ಬದಲಾಯಿಸಿಲ್ಲ, ಬದಲಾಯಿಸುವುದೂ ಇಲ್ಲ.

ನನ್ನ ಹೆಸರು ಪದ್ಮಿನಿ. ಆಟದ ವಿಡಿಯೊ ಕತ್ತರಿಸಿ, ಜೋಡಿಸಿ, ಯಾರು ಎಲ್ಲಿ ಎಡವಿದರು ಎಂದು ಕೋಚ್‌ಗಳಿಗೆ ತೋರಿಸುವುದು ನನ್ನ ಉದ್ಯೋಗವಾಗಿತ್ತು. ಇದಕ್ಕೆ ವಿಡಿಯೊ ಅನಾಲಿಸ್ಟ್ ಎಂಬ ಗತ್ತಿನ ಹೆಸರು ಬಂದದ್ದು ಆಮೇಲೆ. ನಾನು ಸೇರಿದಾಗ ಬರೀ ಕಟಿಂಗ್ ಅನ್ನುತ್ತಿದ್ದರು.

ಈ ವಿದ್ಯೆ ನಾನು ಕಲಿತದ್ದು ಮೈಸೂರಿನ ಒಂದು ಸ್ಟುಡಿಯೊದಲ್ಲಿ, ಮದುವೆ ವಿಡಿಯೊ ಎಡಿಟ್ ಮಾಡುತ್ತಾ. ನಗಬೇಡಿ. ಮದುವೆ ವಿಡಿಯೊದಲ್ಲಿ ಹುಡುಗ ಹುಡುಗಿಯನ್ನು ಯಾರೂ ನೋಡುವುದಿಲ್ಲ. ಎಲ್ಲರೂ ಹುಡುಕುವುದು ತಾವು ಎಲ್ಲಿದ್ದೇವೆ ಅಂತ. ಸೋದರಮಾವನ ಮುಖ ಬಂದಿಲ್ಲ ಅಂದರೆ ಸ್ಟುಡಿಯೊಗೆ ಬಂದು ಜಗಳ ತೆಗೆಯುತ್ತಿದ್ದರು. ಹಾಗಾಗಿ ಧಾರೆ ನಡೆಯುವಾಗಲೂ ಮೂಲೆಯಲ್ಲಿ ಯಾರು ಮುಖ ಊದಿಸಿಕೊಂಡಿದ್ದಾರೆ, ಯಾರು ಬಡಿಸದೆ ತಪ್ಪಿಸಿಕೊಂಡರು ಎಂದು ನೋಡುವ ಅಭ್ಯಾಸ ನನ್ನ ಕಣ್ಣಿಗೆ ಅಂಟಿಬಿಟ್ಟಿತು. ಆಸ್ಟ್ರೇಲಿಯಾದಲ್ಲಿ ನನಗೆ ಅನ್ನ ಹಾಕಿದ್ದು ಆ ಅಭ್ಯಾಸವೇ.

ಗಂಡನಿಗೆ ಅಡಿಲೇಡಿನ ಸ್ಯಾಲಿಸ್‌ಬರಿ ಕಡೆಯ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಕೆಲಸ ಸಿಕ್ಕಿ ನಾವು ಬಂದೆವು. ನನಗೆ ಕೆಲಸ ಕೊಟ್ಟವನು ಬ್ಯಾರಿ ಎಂಬ ಮುದುಕ. ಚೆಂಡನ್ನು ಕೈಯಲ್ಲೂ ಹಿಡಿದು ಆಡುವ ಅಲ್ಲಿನ ಫುಟ್ಬಾಲಿನ ಕ್ಲಬ್ಬುಗಳಿಗೆ ಆಟ ಚಿತ್ರೀಕರಿಸಿ ಕೊಡುವ ಪುಟ್ಟ ಕಂಪನಿ ಅವನದು. ಪದ್ಮಿನಿ ಎನ್ನಲು ಬಾರದೆ ಪ್ಯಾಡಿ ಎಂದು ಕರೆದ, ಅದೇ ಅಂಟಿಕೊಂಡಿತು. ಕ್ಯಾಮೆರಾ ಚೆಂಡಿನ ಹಿಂದೆಯೇ ಹೋಗಬೇಕು ಎನ್ನುವುದು ಅವನ ಶಾಸ್ತ್ರ. ಅವನು ತಂದುಕೊಟ್ಟ ಟೇಪಿನಲ್ಲಿ ಚೆಂಡು, ಚೆಂಡು ಹಿಡಿದವನ ಕೈ, ಮತ್ತೆ ಚೆಂಡು ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ಉಳಿದ ಹುಡುಗರೆಲ್ಲ ಊರಲ್ಲೇ ಇಲ್ಲವೇನೋ ಅನ್ನಿಸಬೇಕು. ಇನ್ನೊಂದು ಕ್ಯಾಮೆರಾ ಎತ್ತರದಲ್ಲಿಡಿ, ಇಡೀ ಮೈದಾನ ಬರಲಿ ಎಂದು ನಾನು ಗಂಟುಬಿದ್ದೆ. ಕಾಟ ತಡೆಯಲಾರದೆ ಬ್ಯಾರಿ ಒಂದು ದಿನ ತನ್ನ ಯೂಟ್ ಎಂಬ ಹಿಂಬದಿ ತೆರೆದ ಗಾಡಿಯ ಮೇಲೆ ಏಣಿ ಕಟ್ಟಿ ಅದರ ತುದಿಯಲ್ಲಿ ಕ್ಯಾಮೆರಾ ಕೂರಿಸಿದ. ಗಾಳಿಗೆ ಚಿತ್ರ ಓಲಾಡುತ್ತಿತ್ತು. ಆದರೆ ಎಲ್ಲರೂ ಕಾಣಿಸಿದರು.

ಎಲ್ಲರೂ ಕಾಣಿಸಿದರೂ ಕಣ್ಣು ಮಾತ್ರ ಚೆಂಡು ಹಿಡಿದವನ ಕಡೆಗೇ ಓಡುತ್ತದೆ. ಅದು ಕಣ್ಣಿನ ಚಟ. ಅದನ್ನು ಬಿಡಿಸಲು ನಾನು ಹಣೆಯ ಸ್ಟಿಕ್ಕರ್ ಬೊಟ್ಟು ತೆಗೆದು ಪರದೆಯ ಮೇಲೆ ಆ ಹುಡುಗನ ತಲೆಗೆ ಸರಿಯಾಗಿ ಅಂಟಿಸಿದೆ. ಅವನು ಮಾಯವಾದ. ಅವನ ಸುತ್ತಲಿನವರೆಲ್ಲ ಒಮ್ಮೆಲೇ ಎದ್ದು ಬಂದಂತೆ ಕಂಡರು. ಆವತ್ತಿನಿಂದ ಕೊನೆಯ ದಿನದವರೆಗೂ ನನ್ನ ಪದ್ಧತಿ ಅದೇ. ಮಾನಿಟರ್ ಮೇಲೆ ಗೋಂದಿನ ಕಲೆ ಆಗುತ್ತದೆ ಎಂದು ಪ್ರತಿಯೊಬ್ಬ ಮೇಲಧಿಕಾರಿಯೂ ಗೊಣಗಿದ್ದಾನೆ. ಈಗ ಸಾಫ್ಟ್‌ವೇರ್ ಬಂದಿದೆ, ಚೆಂಡು ಹಿಡಿದವನ ತಲೆಯ ಸುತ್ತ ತಾನೇ ಹೊಳೆಯುವ ಉಂಗುರ ಹಾಕಿಕೊಂಡು ಅವನನ್ನೇ ಹಿಂಬಾಲಿಸುತ್ತದೆ. ಇಷ್ಟೆಲ್ಲ ದುಡ್ಡು ಸುರಿದು ಬ್ಯಾರಿಯ ಕಾಲಕ್ಕೇ ವಾಪಸ್ ಹೋದರಲ್ಲ ಎಂದು ನನಗೆ ಸಿಟ್ಟು ಬರುತ್ತದೆ. ನೀವು ಅದನ್ನೆಲ್ಲ ಕಲಿಯಿರಿ, ಬೇಡ ಅನ್ನುವುದಿಲ್ಲ. ಡ್ರಾಯರಿನಲ್ಲಿ ಒಂದು ಬೊಟ್ಟಿನ ಪಾಕೆಟ್ಟೂ ಇರಲಿ.

ಆಮೇಲೆ ಗಂಡನಿಗೆ ಪರ್ತ್ ಸಿಟಿಯ ಗಣಿ ಕಂಪನಿಗೆ ವರ್ಗವಾಯಿತು. ನಾವು ವಿಲೆಟನ್‌ನಲ್ಲಿ ಮನೆ ಮಾಡಿದೆವು. ನಾನು ಸಿಟಿಯಲ್ಲೇ ಒಂದು ದೊಡ್ಡ ವಿಡಿಯೊ ಸಂಸ್ಥೆ ಸೇರಿದೆ. ಅಲ್ಲಿ ನನ್ನ ಪಾಲಿಗೆ ಬಂದದ್ದು ಗ್ರಿಡೈರನ್, ಅಂದರೆ ಅಮೆರಿಕದವರ ಫುಟ್ಬಾಲ್. ಇಲ್ಲಿ ಅದು ಸಣ್ಣ ಆಟ. ಪರ್ತ್, ಅಡಿಲೇಡ್, ಬ್ರಿಸ್ಬೇನ್ ಕ್ಲಬ್ಬುಗಳು ಸೇರಿಕೊಂಡು ಒಂದು ಲೀಗ್ ನಡೆಸುತ್ತಿದ್ದವು. ಬೇರೆ ಯಾರಿಗೂ ಅದು ಬೇಡವಾಗಿತ್ತು, ಪ್ಯಾಡಿಗೆ ಕೊಡಿ ಅಂದರು.

ಆಟ ಗೊತ್ತಿಲ್ಲದವರಿಗೆ ಇಷ್ಟು ಸಾಕು. ಕ್ವಾರ್ಟರ್‌ಬ್ಯಾಕ್ ಎಂಬ ಒಬ್ಬನ ಕೈಗೆ ಚೆಂಡು ಬರುತ್ತದೆ. ದೂರ ಓಡುತ್ತಿರುವ ರಿಸೀವರ್‌ಗೆ ಅವನು ಅದನ್ನು ಎಸೆಯಬೇಕು. ಅಷ್ಟರೊಳಗೆ ಎದುರಾಳಿಗಳು ಅವನ ಮೇಲೆ ಬಿದ್ದು ನೆಲಕ್ಕೆ ಕೆಡವಲು ನುಗ್ಗುತ್ತಾರೆ. ಅವರನ್ನು ತಡೆಯಲು ಅವನ ಮುಂದೆ ಐದು ಜನ ಗಟ್ಟಿ ಆಳುಗಳ ಸಾಲು ಇರುತ್ತದೆ. ಆ ಐವರು ತಡೆದರೆ ಅವನಿಗೆ ಉಸಿರಾಡಲು ಸಮಯ. ತಡೆಯದಿದ್ದರೆ ಅವನು ಎಂಥ ಜಾಣನಾದರೂ ಅಂಗಾತ. ಗೆದ್ದರೆ ಅವನ ಫೋಟೊ, ಸೋತರೆ ಅವನಿಗೆ ಬೈಗುಳ. ಐವರ ಹೆಸರು ಯಾರಿಗೂ ಬೇಕಾಗುವುದಿಲ್ಲ.

ಪರ್ತ್ ತಂಡದ ಕ್ವಾರ್ಟರ್‌ಬ್ಯಾಕ್ ಆಗಿದ್ದವನು ನಿಖಿಲ್. ನಮ್ಮ ಹಿಂದಿನ ಬೀದಿಯ ಡಾಕ್ಟರ್ ಸುಮನಾ ಅವರ ಮಗ. ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿ ತೆರೆದರೆ ಇಂಗ್ಲಿಷ್. ಎಂಜಿನಿಯರಿಂಗ್ ಮುಗಿಸುತ್ತಿದ್ದ. ಆ ವರ್ಷ ತಂಡ ಸೋಲುತ್ತಾ ಹೋಯಿತು. ನಿಖಿಲ್‌ನನ್ನು ತೆಗೆದು ಬ್ರಿಸ್ಬೇನ್‌ನಿಂದ ಬೇರೊಬ್ಬನನ್ನು ತರಬೇಕು ಎಂಬ ಮಾತು ಎದ್ದಿತು. ಹೆಡ್ ಕೋಚ್ ಗ್ಲೆನ್ ಹೋದಲ್ಲೆಲ್ಲ ಒಂದೇ ರಾಗ ಹಾಡುತ್ತಿದ್ದ. ಅವನ ಸುತ್ತ ಚಿನ್ನದಂಥ ಹುಡುಗರನ್ನು ತಂದು ನಿಲ್ಲಿಸಿದ್ದೇನೆ, ಇನ್ನೇನು ಬೇಕು ಅವನಿಗೆ, ಎಂದು. ಆ ಐವರನ್ನು ಆರಿಸಿ ತಂದವನು ಗ್ಲೆನ್ನೇ ಎಂಬುದನ್ನು ಇಲ್ಲಿ ನೆನಪಿಟ್ಟುಕೊಳ್ಳಿ.

ಸುಮನಾ ಒಂದು ಸಂಜೆ ವಾಷಿಂಗ್ ಪೌಡರ್ ಕೇಳಲು ಬಂದವರು ಗೇಟಿನ ಹತ್ತಿರ ನಿಂತು ಗೊಣಗಿದರು. ತಂಡದವರ ಬಟ್ಟೆ ಒಗೆಯುವ ಸರದಿ ಆ ವಾರ ಅವರದಾಗಿತ್ತು.

"ಅಲ್ಲಾ ಪದ್ಮಿನಿ, ಆ ದಪ್ಪ ದಪ್ಪ ಹುಡುಗರ ಅಂಗಿ ಇಸ್ತ್ರಿ ಮಾಡಿಟ್ಟ ಹಾಗಿದೆ. ನನ್ನ ಮಗನ ಅಂಗಿಗೆ ಮಾತ್ರ ಬೆನ್ನು ತುಂಬಾ ಮಣ್ಣು. ಇವನೊಬ್ಬನೇ ಯಾಕೆ ಹೀಗೆ ಹೊರಳಾಡ್ತಾನೆ?"

ಅವರಿಗೆ ಆಟದ ಗಂಧಗಾಳಿ ಇರಲಿಲ್ಲ. ಮಗ ಶಿಸ್ತಿಲ್ಲದೆ ಆಡುತ್ತಾನೆ ಎಂಬ ಬೇಜಾರು ಅಷ್ಟೆ. ನನಗೆ ಆವತ್ತು ಅಡುಗೆ ಮಾಡಲು ಮನಸ್ಸಾಗಲಿಲ್ಲ. ಅಡಿಲೇಡಿನಲ್ಲಿ ಆಡಿದ್ದ ಆಟದ ಫೈಲ್ ತೆಗೆದು, ನಿಖಿಲ್ ಮೇಲೆ ಬೊಟ್ಟು ಅಂಟಿಸಿ ಕೂತೆ. ಒಂದು ಸಲ ಐವರಲ್ಲಿ ಇಬ್ಬರು ಒಬ್ಬನನ್ನೇ ತಡೆಯುತ್ತಿದ್ದಾರೆ, ಪಕ್ಕದಲ್ಲಿ ಬಾಗಿಲು ತೆಗೆದಿಟ್ಟ ಹಾಗೆ ಜಾಗ. ಇನ್ನೊಂದು ಸಲ ತುದಿಯವನು ಎದುರಾಳಿ ಹಾದುಹೋದ ಮೇಲೆ ತಿರುಗಿ ನೋಡುತ್ತಾನೆ, ಬಸ್ ತಪ್ಪಿಸಿಕೊಂಡವನ ಹಾಗೆ. ಆ ಐವರ ಬಟ್ಟೆ ಕೊಳೆಯಾಗದೇ ಇರುವುದು ಹೇಗೆ ಎಂದು ಅರ್ಥವಾಯಿತು.

ಬ್ರಿಸ್ಬೇನ್‌ನಲ್ಲಿ ನಡೆದ ಆಟ ನಿಖಿಲ್‌ಗೆ ಮುಳುವಾಯಿತು. ಕೊನೆಯ ಹೊತ್ತು. ಗೆಲ್ಲಲು ಒಂದು ಉದ್ದನೆಯ ಎಸೆತ ಸಾಕಿತ್ತು. ನಿಖಿಲ್ ಎಸೆದ. ಚೆಂಡು ಹೋಗಿ ಬಿದ್ದ ಕಡೆ ನಮ್ಮವರು ಒಬ್ಬರೂ ಇಲ್ಲ, ಎದುರಾಳಿಯೊಬ್ಬ ಆರಾಮವಾಗಿ ಹಿಡಿದುಕೊಂಡು ಓಡಿದ. ಖಾಲಿ ಜಾಗಕ್ಕೆ ಎಸೆಯುವವನು ಎಂಥ ಕ್ವಾರ್ಟರ್‌ಬ್ಯಾಕ್ ಎಂದು ಎಲ್ಲರೂ ನಕ್ಕರು. ಸೋಮವಾರ ಗ್ಲೆನ್ ನನಗೆ ಫೋನ್ ಮಾಡಿದ. ಕ್ಲಬ್ಬಿನ ಆಡಳಿತ ಮಂಡಳಿಗೆ ತೋರಿಸಲು ಒಂದು ರೀಲ್ ಬೇಕು, ನಿಖಿಲ್ ಮಾಡಿದ ತಪ್ಪುಗಳು ಮಾತ್ರ ಇರಲಿ, ಬೇರೇನೂ ಬೇಡ ಎಂದ. ನಾನು ಫೋನ್ ಇಟ್ಟು ಬ್ರಿಸ್ಬೇನ್ ಆಟದ ಫೈಲ್ ತೆರೆದೆ.

ನಮ್ಮ ಕೆಲಸದಲ್ಲಿ ಒಂದು ಕೆಟ್ಟ ರೂಢಿ ಇದೆ, ಆಟವನ್ನು ಮ್ಯೂಟ್ ಮಾಡಿ ನೋಡುವುದು. ಗಲಾಟೆ ಬೇಡ, ಚಿತ್ರ ಸಾಕು ಎಂದು. ಮದುವೆ ವಿಡಿಯೊ ಮಾಡಿದವಳಿಗೆ ಅದು ಒಗ್ಗುವುದಿಲ್ಲ. ನಾನು ನಿಖಿಲ್‌ನ ಬೆನ್ನ ಹಿಂದೆ ಇಟ್ಟಿದ್ದ ಕ್ಯಾಮೆರಾದ ಸೌಂಡ್ ಏರಿಸಿದೆ. ಎಸೆಯುವ ಮುಂಚೆ ಅವನು ಬಲಗಡೆಯ ರಿಸೀವರ್‌ಗೆ ಏನೋ ಕೂಗುತ್ತಾನೆ. ಮತ್ತೆ ಕೇಳಿದೆ. ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಅವನು ಕೂಗಿದ್ದು "ಬರ್ತೀನಿ" ಎಂದು.

ಆ ರಿಸೀವರ್ ಸುಹಾಸ್. ಬೆಂಗಳೂರಿನಿಂದ ಸಾಫ್ಟ್‌ವೇರ್ ಕೆಲಸಕ್ಕೆ ಬಂದು ಕೆಲವೇ ತಿಂಗಳಾಗಿತ್ತು. ಕಾಲೇಜಿನಲ್ಲಿ ಓಟಗಾರ. ಕಾಲು ಮುರಿದುಕೊಂಡ ಇನ್ನೊಬ್ಬನ ಜಾಗಕ್ಕೆ ಅವನನ್ನು ಹಿಂದಿನ ವಾರವಷ್ಟೇ ಸೇರಿಸಿದ್ದರು. ಇಬ್ಬರನ್ನೂ ಭಾನುವಾರ ಬೆಳಿಗ್ಗೆ ಮನೆಗೆ ಕರೆದು, ಅಡುಗೆಮನೆಯ ಮೇಜಿಗೆ ಕೂರಿಸಿ, ಅವಲಕ್ಕಿ ಒಗ್ಗರಣೆ ಹಾಕಿಕೊಟ್ಟು ವಿಚಾರಿಸಿದೆ.

ಕಥೆ ಹೀಗಿತ್ತು. ಗ್ಲೆನ್ ತಂಡಕ್ಕೆ ಗುಟ್ಟಿನ ಸಂಕೇತಗಳನ್ನೇ ಕೊಟ್ಟಿರಲಿಲ್ಲ. ಎಲ್ಲವನ್ನೂ ಇಂಗ್ಲಿಷಿನಲ್ಲಿ ಕೂಗಬೇಕು, ಎದುರಾಳಿ ಕೇಳಿಸಿಕೊಂಡು ತಯಾರಾಗಬೇಕು. ನಿಖಿಲ್ ತಾನೇ ತಲೆ ಓಡಿಸಿ ಮನೆಯ ಕನ್ನಡವನ್ನು ಸಂಕೇತ ಮಾಡಿಕೊಂಡಿದ್ದ. ಎಡ ಅಂದರೆ ಎಡಕ್ಕೆ, ಬಲ ಅಂದರೆ ಬಲಕ್ಕೆ, ಸಾಕು ಅಂದರೆ ಅಲ್ಲೇ ನಿಲ್ಲು. ತಂಡದ ಬಿಳಿ ರಿಸೀವರ್‌ಗಳಿಗೆಲ್ಲ ಕೂತು ಬಾಯಿಪಾಠ ಮಾಡಿಸಿದ್ದ. ಸುಹಾಸ್‌ಗೆ ಮಾತ್ರ ಹೇಳಿಕೊಟ್ಟಿರಲಿಲ್ಲ. ಕನ್ನಡದವನಿಗೆ ಕನ್ನಡ ಏನು ಹೇಳಿಕೊಡುವುದು ಎಂದು.

"ಬರ್ತೀನಿ ಅಂದ್ರೆ ಏನೋ?" ಎಂದು ನಿಖಿಲ್‌ನನ್ನು ಕೇಳಿದೆ.

"ಗೋ, ಆಂಟಿ. ಗೋ ಲಾಂಗ್."

ಸುಹಾಸ್ ತಟ್ಟೆಯಿಂದ ತಲೆ ಎತ್ತಿದ. "ಗೋ ಹೆಂಗಾಗುತ್ತೆ ಗುರು? ಬರ್ತೀನಿ ಅಂದ್ರೆ ಬರ್ತೀನಿ. ಅದಕ್ಕೇ ನಾನು ತಿರುಗಿ ನಿನ್ನ ಕಡೆ ಬಂದ್ಬಿಟ್ಟೆ."

ನಿಖಿಲ್ ಬಿಡಲಿಲ್ಲ. ಚಿಕ್ಕಂದಿನಿಂದ ಬಾಗಿಲಲ್ಲಿ ನಿಂತು ನೋಡಿದ್ದೇನೆ, ಎಲ್ಲ ಅಂಕಲ್ ಆಂಟಿಯರೂ ಬರ್ತೀನಿ ಅನ್ನುತ್ತಾರೆ, ಶೂ ಹಾಕಿಕೊಳ್ಳುತ್ತಾರೆ, ಕಾರು ಹತ್ತಿ ಹೋಗಿಬಿಡುತ್ತಾರೆ, ಹಾಗಂದವರು ಒಬ್ಬರೂ ಇದುವರೆಗೆ ಒಳಗೆ ಬಂದದ್ದಿಲ್ಲ ಎಂದು ಇಂಗ್ಲಿಷಿನಲ್ಲಿ ವಾದಿಸಿದ. ನನಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಕಣ್ಣಲ್ಲಿ ನೀರು ಬಂತು. ಮನೆಯಿಂದ ಹೊರಡುವಾಗ ಹೋಗ್ತೀನಿ ಅನ್ನಬಾರದು ಎಂದು ನಮಗೆ ಅಮ್ಮಂದಿರು ಹೇಳಿಕೊಟ್ಟರು. ಯಾಕೆ ಅನ್ನಬಾರದು ಎಂದು ನಾವು ಈ ಮಕ್ಕಳಿಗೆ ಹೇಳಲೇ ಇಲ್ಲ.

"ಇಬ್ರೂ ಸರಿ ಕಣ್ರೋ," ಅಂದೆ. "ಅದೇ ತೊಂದರೆ ಆಗಿರೋದು."

ಸುಹಾಸ್ ಮಂಕಾದ. ತಾನೇ ಹೋಗಿ ಗ್ಲೆನ್‌ಗೆ ಹೇಳುತ್ತೇನೆ ಎಂದ. ಹೇಳಿದನಂತೆ ಕೂಡ. ಮಾತು ಶುರುವಾಗುವಷ್ಟರಲ್ಲೇ, ಗೆಳೆಯನನ್ನು ಉಳಿಸಲು ಕಥೆ ಕಟ್ಟಬೇಡ ಎಂದು ಗ್ಲೆನ್ ಅವನ ಬೆನ್ನು ತಟ್ಟಿ ಕಳಿಸಿದನಂತೆ.

ಸಭೆ ನಡೆದದ್ದು ಪರ್ತ್ ಸಿಟಿಯ ಒಂದು ಗಾಜಿನ ಕಟ್ಟಡದಲ್ಲಿ. ನದಿ ಕಾಣುವ ಕೋಣೆ, ಗೋಡೆಯಷ್ಟು ದೊಡ್ಡ ಪರದೆ, ಆಡಳಿತ ಮಂಡಳಿಯವರು, ಗ್ಲೆನ್, ನನ್ನ ಸಂಸ್ಥೆಯ ಮ್ಯಾನೇಜರ್. ನಾನು ಹೋಗಿ ಪರದೆಯ ಹತ್ತಿರ ನಿಂತು ಹಣೆಯಿಂದ ಬೊಟ್ಟು ತೆಗೆದೆ. ಅಷ್ಟು ದೊಡ್ಡ ಪರದೆಗೆ ಅದು ಸಾಲದು ಎಂದು ಗೊತ್ತಿದ್ದರಿಂದ ರೀಲಿನಲ್ಲೇ ನಿಖಿಲ್ ಇದ್ದ ಜಾಗಕ್ಕೆಲ್ಲ ಕೆಂಪು ಚುಕ್ಕಿ ಹಾಕಿ ತಂದಿದ್ದೆ. ಹಣೆಯದನ್ನು ತೆಗೆದದ್ದು ವಿವರಿಸಲು. ಇವನ ತಪ್ಪು ಹುಡುಕಲು ಕೇಳಿದಿರಿ, ಇವನನ್ನು ಮುಚ್ಚಿದ್ದೇನೆ, ಉಳಿದವರನ್ನು ನೋಡಿ, ಆಮೇಲೆ ಮಾತಾಡೋಣ ಎಂದೆ.

ಬಂದು ಮ್ಯಾನೇಜರ್ ಪಕ್ಕ ಕೂತೆ. ಆಟದ ಮೇಲೆ ಆಟ ಓಡಿತು. ಸಾಲು ಒಡೆಯುತ್ತದೆ, ಕೆಂಪು ಚುಕ್ಕಿ ನೆಲಕ್ಕೆ ಬೀಳುತ್ತದೆ. ಮತ್ತೆ ಸಾಲು ಒಡೆಯುತ್ತದೆ, ಮತ್ತೆ ಬೀಳುತ್ತದೆ. ಕೋಣೆಯಲ್ಲಿ ಯಾರೋ ಅಯ್ಯೋ ಅಂದರು. ಗ್ಲೆನ್‌ನ ಕುತ್ತಿಗೆ ಕೆಂಪಾಗುತ್ತಾ ಬಂತು. ಬ್ರಿಸ್ಬೇನ್ ತೋರಿಸಿ, ಬ್ರಿಸ್ಬೇನ್ ತೋರಿಸಿ ಎಂದ. ತೋರಿಸಿದೆ. ಸೌಂಡ್ ಏರಿಸಿದೆ. ಇಲ್ಲಿ ಅವನು ಕೂಗುವ ಮಾತು ಕೇಳಿ, ಇದಕ್ಕೆ ಎರಡು ಅರ್ಥ ಇದೆ ಎಂದು ಶುರು ಮಾಡಿದ್ದೆ ಅಷ್ಟೆ.

"ಮ್ಯೂಟ್ ಮಾಡು, ಪ್ಯಾಡಿ," ಅಂದ ಗ್ಲೆನ್. "ನಿಮ್ಮ ಮನೆಯ ಭಾಷೆಯ ಪಾಠ ನಮಗೆ ಬೇಕಿಲ್ಲ. ಹುಡುಗನಿಗೆ ಆಡಲು ಬರುತ್ತದೋ ಇಲ್ಲವೋ, ಅದೊಂದು ಹೇಳು."

"ಅವನಿಗೆ ಆಡಲು ಬರುತ್ತದೆ. ನೀನು ಅವನ ಸುತ್ತ ನಿಲ್ಲಿಸಿದವರಿಗೆ ಬರುವುದಿಲ್ಲ," ಅಂದೆ.

ನಮ್ಮ ಮ್ಯಾನೇಜರ್ ಮೇಜಿನ ಕೆಳಗೆ ನನ್ನ ಕಾಲು ಒತ್ತಿದ. ಐವರ ಭಾಗ ತೆಗೆದುಹಾಕಿ, ಎಸೆತಗಳನ್ನಷ್ಟೇ ಇಟ್ಟು ಸಂಜೆಯೊಳಗೆ ಹೊಸ ರೀಲ್ ಕಳಿಸಬೇಕೆಂದು ಗ್ಲೆನ್ ಹೇಳಿದ. ಬೇಕಾದವರು ಕತ್ತರಿಸಿಕೊಳ್ಳಿ, ನನ್ನ ಕೈಯಲ್ಲಿ ಅದು ಆಗುವುದಿಲ್ಲ, ಆ ಹುಡುಗನ ಬೆನ್ನಿನ ಮಣ್ಣನ್ನು ನಾನು ನೋಡಿದ್ದೇನೆ ಎಂದೆ. ಚೀಲ ತೆಗೆದುಕೊಂಡು ಎದ್ದೆ. ಬಾಗಿಲ ಹತ್ತಿರ ತಿರುಗಿ, ಬೇಕೆಂದೇ ಕನ್ನಡದಲ್ಲಿ, "ಬರ್ತೀನಿ" ಅಂದೆ. ಯಾರೂ ಅರ್ಥ ಕೇಳಲಿಲ್ಲ.

ನಿಖಿಲ್‌ನನ್ನು ಕೈಬಿಟ್ಟರು. ನನಗೆ ಸಂಸ್ಥೆಯವರು ಸಾಫ್ಟ್‌ವೇರ್ ಬಂದಿದೆ, ನೀವೂ ದಣಿದಿದ್ದೀರಿ, ನಿವೃತ್ತಿ ತೆಗೆದುಕೊಂಡರೆ ಒಳ್ಳೆಯದು ಎಂದರು. ನಾನೇನೂ ದಣಿದಿರಲಿಲ್ಲ. ಕೇಕಿನ ಮೇಲೆ ಪ್ಯಾಡಿ ಎಂದು ಬರೆಸಿದ್ದರು. ಇಷ್ಟು ವರ್ಷ ಆದ ಮೇಲಾದರೂ ಪದ್ಮಿನಿ ಎಂದು ಬರೆಸಬಹುದಿತ್ತು. ಕೇಕ್ ಚೆನ್ನಾಗಿತ್ತು, ಎರಡು ತುಂಡು ತಿಂದು ಬಂದೆ.

ಬ್ರಿಸ್ಬೇನ್‌ನಿಂದ ಬಂದ ಹುಡುಗ ಅದೇ ಐವರ ಹಿಂದೆ ನಿಂತ, ಹಾಗೆಯೇ ಬಿದ್ದ. ಸೀಸನ್ ಅರ್ಧ ಮುಗಿಯುವುದರೊಳಗೆ ಅವನ ಭುಜಕ್ಕೆ ಬ್ಯಾಂಡೇಜ್ ಬಿದ್ದಿತ್ತು. ನೋಡಿ ಸಂತೋಷವಾಯಿತೇ ಎಂದು ಗಂಡ ಕೇಳಿದರು. ಇಲ್ಲ. ಆ ಹುಡುಗನಿಗೂ ಒಬ್ಬ ತಾಯಿ ಬಟ್ಟೆ ಒಗೆಯುತ್ತಿರುತ್ತಾಳೆ.

ನಿಖಿಲ್‌ಗೆ ಅಡಿಲೇಡಿನಲ್ಲಿ ಕೆಲಸ ಸಿಕ್ಕಿತು, ಅದೂ ನಮ್ಮ ಹಳೆಯ ಸ್ಯಾಲಿಸ್‌ಬರಿ ಕಡೆಯೇ. ಅಲ್ಲಿನ ತಂಡ ಸೇರಿದ. ಸಾಲಿನ ಐವರೂ ಕಾರ್ಖಾನೆಯಲ್ಲಿ ಒಂದೇ ಪಾಳಿಯಲ್ಲಿ ದುಡಿಯುವವರು, ಒಬ್ಬರ ಹೆಗಲು ಇನ್ನೊಬ್ಬರಿಗೆ ಗೊತ್ತು. ತಂಡದಲ್ಲಿ ಆಟದ ಫಿಲ್ಮ್ ನೋಡಿ ತಪ್ಪು ಹೇಳುವವರು ಯಾರೂ ಇಲ್ಲ ಆಂಟಿ ಎಂದು ಫೋನ್ ಮಾಡಿದ. ಫೈಲ್ ಕಳಿಸು ಅಂದೆ. ವಿಲೆಟನ್‌ನ ಮನೆಯಲ್ಲೇ ಕೂತು, ಬೊಟ್ಟು ಅಂಟಿಸಿ, ಐವರ ಹೆಜ್ಜೆ ಎಲ್ಲಿ ತಪ್ಪುತ್ತದೆ ಎಂದು ಪ್ರತಿ ವಾರ ಹೇಳತೊಡಗಿದೆ. ಅವರು ನನ್ನನ್ನು ಪದ್ಮಿನಿ ಆಂಟಿ ಎನ್ನಲು ಕಲಿತರು. ಅವರಿಗೆ ಅದು ಕಷ್ಟವಾಗಲಿಲ್ಲ.

ಮುಂದಿನ ಸೀಸನ್‌ನಲ್ಲಿ ಅಡಿಲೇಡ್ ತಂಡ ಪರ್ತ್‌ಗೆ ಆಡಲು ಬಂತು. ನಾನು ಮೈದಾನಕ್ಕೆ ಹೋಗಿ ಅವರ ಕಡೆ, ನಿಖಿಲ್‌ನ ಬೆನ್ನ ಹಿಂದೆ ಕ್ಯಾಮೆರಾ ಇಟ್ಟುಕೊಂಡು ನಿಂತೆ. ಎದುರಿನಿಂದ ಗ್ಲೆನ್ ನೋಡಿ ಮುಖ ತಿರುಗಿಸಿದ. ಆಟ ಸಮಸಮವಾಗಿ ನಡೆದು ಕೊನೆಯ ಹೊತ್ತಿಗೆ ಬಂತು. ನಿಖಿಲ್ ಸಾಲಿನ ಹಿಂದೆ ಬಂದು ನಿಂತ. ಬಲಗಡೆ ತಿರುಗಿ ಕೂಗಿದ.

"ಬರ್ತೀನಿ!"

ಎದುರಿನ ಬೆಂಚಿನಲ್ಲಿ ಏನೋ ಗಡಿಬಿಡಿಯಾಯಿತು. ನಾನು ಆ ಕಡೆ ನೋಡಲಿಲ್ಲ. ಐವರನ್ನೇ ನೋಡುತ್ತಿದ್ದೆ. ಎದುರಾಳಿಗಳು ನುಗ್ಗಿದರು, ಐವರೂ ಹೆಗಲಿಗೆ ಹೆಗಲು ಕೊಟ್ಟು ನಿಂತರು, ಒಬ್ಬನೂ ಹಿಂದೆ ಸರಿಯಲಿಲ್ಲ. ಅವರ ಹಿಂದೆ ನಿಖಿಲ್ ಬಸ್ ಸ್ಟಾಪಿನಲ್ಲಿ ನಿಂತವನ ಹಾಗೆ ಆರಾಮವಾಗಿ ನಿಂತು ಎಸೆದ. ಚೆಂಡು ಎಲ್ಲಿ ಹೋಯಿತು ಎಂದು ನಾನು ನೋಡಲಿಲ್ಲ. ಜನ ಕೂಗಿದ ರೀತಿಯಿಂದಲೇ ತಿಳಿಯಿತು.

ಆಟ ಮುಗಿದ ಮೇಲೆ ಸುಹಾಸ್ ನನ್ನ ಹತ್ತಿರ ಬಂದ. ಅವನಿನ್ನೂ ಪರ್ತ್ ತಂಡದಲ್ಲೇ ಇದ್ದ, ಬೆಂಚಿನಲ್ಲಿ ಗ್ಲೆನ್ ಪಕ್ಕ ಕೂತಿದ್ದನಂತೆ. ನಿಖಿಲ್ ಕೂಗಿದ್ದೇ ತಡ, ಸಂಕೇತ ಕಲಿತಿದ್ದ ಬೇರೆ ಹುಡುಗರನ್ನೆಲ್ಲ ಬಿಟ್ಟು, ನಿಮ್ಮ ಭಾಷೆಯಲ್ಲವೇ, ಏನಂದ ಹೇಳು ಎಂದು ಗ್ಲೆನ್ ಇವನ ತೋಳು ಹಿಡಿದು ಅಲುಗಿಸಿದನಂತೆ.

"ನೀನು ಏನು ಹೇಳ್ದೆ?"

"ಬರ್ತೀನಿ ಅಂದ ಅಂತ ಹೇಳ್ದೆ ಆಂಟಿ. ಅವನೇ ಚೆಂಡು ಹಿಡ್ಕೊಂಡು ಬರ್ತಾನೆ ಅಂದ್ಕೊಂಡು ಗ್ಲೆನ್ ಹಿಂದಿದ್ದೋರ್ನೆಲ್ಲ ಮುಂದಕ್ಕೆ ಕರೆಸ್ಬಿಟ್ಟ." ಸುಹಾಸ್ ಮುಖ ಬಹಳ ಗಂಭೀರವಾಗಿತ್ತು. "ನಾನು ಸುಳ್ಳು ಹೇಳ್ಲಿಲ್ಲ. ಮೊದ್ಲಿಂದ್ಲೂ ನಾನು ಹೇಳ್ತಾ ಇರೋದು ಅದೇ ಅಲ್ವಾ?"

ಅಷ್ಟರಲ್ಲಿ ಸುಮನಾ ಮಗನ ಬೆನ್ನನ್ನು ಹಿಡಿದು ತಿರುಗಿಸಿ ನೋಡುತ್ತಿದ್ದರು. ಬಿಳಿ ಅಂಗಿ ಬಿಳಿಯಾಗಿಯೇ ಇತ್ತು. ಇದನ್ನ ಒಗೆಯೋದೇ ಬೇಡ ಎಂದರು. ನಿಖಿಲ್ ಹೋಗಿ ಐವರನ್ನು ಒಬ್ಬೊಬ್ಬರನ್ನಾಗಿ ತಬ್ಬಿಕೊಂಡ. ನನಗೆ ಅದಕ್ಕಿಂತ ಬೇರೆ ಏನೂ ಬೇಕಿರಲಿಲ್ಲ.

ಕ್ಯಾಮೆರಾ ಮಡಚಿ ಗೇಟಿನ ಕಡೆ ಹೊರಟಾಗ ದಾರಿಯಲ್ಲಿ ಗ್ಲೆನ್ ಸಿಕ್ಕಿದ. ಹೊರಟೆಯಾ ಎಂದು ಕೇಳಿದ, ಸೌಜನ್ಯಕ್ಕೆ.

"ಬರ್ತೀನಿ," ಅಂದೆ.

ಈ ಸಲ ಅದರ ಅರ್ಥವೇನು ಎಂದು ಕೇಳಿದ. ನಾನು ಗೇಟು ದಾಟಿ ಹೋದೆ.